ಒಂದೇ ಪಿಕ್ಸೆಲ್ 6ಎ, ಎರಡು ಓಎಸ್: ಲಿನಿಯೇಜ್ ಮತ್ತು ಗ್ರಾಫೀನ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ 6ಎ (ಗೂಗಲ್ ಕಂಪನಿಯ) ಫೋನಿಗೆ ಮೊದಲು ಲಿನಿಯೇಜ್ ಓಎಸ್, ತಿಂಗಳ ನಂತರ ಗ್ರಾಫೀನ್ ಓಎಸ್ ಹಾಕಿ, ಎರಡನ್ನೂ ನಿತ್ಯದ ಕೆಲಸಕ್ಕೆ ಬಳಸಿ ನೋಡಿದೆ. ಫೋನಿನ ಜತೆ ಬಂದ ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ತೆಗೆದು ನಾವೇ ಹಾಕಿಕೊಳ್ಳಬಹುದಾದ, ಆಂಡ್ರಾಯ್ಡ್ ಆಧಾರಿತ ಓಎಸ್‌ಗಳು ಇವು. ಯಾವುದನ್ನು ಹಾಕುವುದಿದ್ದರೂ ಬೂಟ್‌ಲೋಡರ್ (ಫೋನ್ ಆನ್ ಮಾಡಿದಾಗ ಓಎಸ್ ಅನ್ನು ಆರಂಭಿಸುವ ತಂತ್ರಾಂಶ) ಅನ್‌ಲಾಕ್ ಮಾಡಲೇಬೇಕು, ಅಂದರೆ ಬೇರೆ ಓಎಸ್ ಹಾಕದಂತೆ ತಡೆಯುವ ಅದರ ಬೀಗ ತೆಗೆಯಬೇಕು. ಆಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಓಎಸ್ ಹಾಕಿದ ಮೇಲೆ ಆ ಬೀಗವನ್ನು ಮತ್ತೆ ಹಾಕಲು ಬರುತ್ತದೆಯೇ ಎಂಬುದರಲ್ಲೇ ಇವೆರಡರ ನಿಜವಾದ ವ್ಯತ್ಯಾಸವಿದೆ.

ಸಯನೋಜೆನ್‌ಮಾಡ್ ಎಂಬ ಇಂಥದ್ದೇ ಹಳೆಯ ಓಎಸ್ 2016ರ ಕೊನೆಯಲ್ಲಿ ನಿಂತಾಗ ಅದರ ಮುಂದುವರಿಕೆಯಾಗಿ ಬಂದ ಲಿನಿಯೇಜ್ ಅನ್ನು ಕಮಾಂಡ್‌ಗಳ ಮೂಲಕ ಹಾಕಬೇಕು. ಮೊದಲ ಸಂಜೆ ಕಂಪ್ಯೂಟರಿಗೆ ಫೋನೇ ಕಾಣಿಸಲಿಲ್ಲ. ನನ್ನ ಕೇಬಲ್ ಚಾರ್ಜಿಂಗಿಗೆ ಮಾತ್ರ ಆಗುವಂಥದ್ದಾಗಿತ್ತು. ಬೇರೆ ಕೇಬಲ್ ತಂದು ಸೈಡ್‌ಲೋಡ್ (ಕಂಪ್ಯೂಟರಿನಿಂದ ಓಎಸ್ ಫೈಲನ್ನು ಫೋನಿಗೆ ಕಳಿಸಿ ಹಾಕುವುದು) ಆರಂಭಿಸಿದರೆ ಅದು ಶೇ. 47ಕ್ಕೆ ಬಂದು ನಿಂತಿತು. ಕೇಬಲ್ ಕೀಳಲು ಕೈ ಚಾಚಿದ್ದೆ, ಆದರೆ ಕೆಲಸ ಸರಿಯಾಗಿ ಮುಗಿದಾಗಲೂ ಅಲ್ಲಿಗೇ ನಿಲ್ಲುವುದು ವಾಡಿಕೆ ಎಂದು ಅನುಸ್ಥಾಪನಾ ಸೂಚನೆಯಲ್ಲೇ ಬರೆದಿತ್ತು. ಗೂಗಲ್ ಆ್ಯಪ್‌ಗಳು ಬೇಕಿದ್ದರೆ, ಮೊದಲ ಸಲ ಫೋನ್ ಆನ್ ಆಗುವ ಮುನ್ನವೇ, ರಿಕವರಿಯನ್ನು (ಓಎಸ್ ಹಾಕಲು ಬಳಸುವ ಫೋನಿನ ಪ್ರತ್ಯೇಕ ವಿಭಾಗ) ಮರುಪ್ರಾರಂಭಿಸಿ ಅವನ್ನೂ ಹಾಕಿಬಿಡಬೇಕು. ಗ್ರಾಫೀನ್‌ಗೆ ಇಷ್ಟೆಲ್ಲ ಬೇಕಾಗಲಿಲ್ಲ. ಕ್ರೋಮ್ ಬ್ರೌಸರಿನಲ್ಲಿ ಒಂದೊಂದೇ ಗುಂಡಿ ಒತ್ತುತ್ತ ಹೋದೆ, ಕೊನೆಯ ಗುಂಡಿ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಿತು.

ಲಿನಿಯೇಜ್‌ನಲ್ಲಿ ಹಾಗೆ ಲಾಕ್ ಮಾಡಲು ಹೋಗುವುದು ಅಪಾಯ, ಫೋನ್ ಬೂಟ್ ಆಗದೆಯೇ ಉಳಿಯಬಹುದು. ಆದ್ದರಿಂದ ಆ ತಿಂಗಳಿಡೀ ಆನ್ ಮಾಡಿದಾಗಲೆಲ್ಲ ಅನ್‌ಲಾಕ್ ಆಗಿರುವ ಎಚ್ಚರಿಕೆ ತೆರೆಯ ಮೇಲೆ ಬರುತ್ತಿತ್ತು, ನನ್ನ ಬ್ಯಾಂಕಿನ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಬೆಂಗಳೂರಿನಲ್ಲಿ ದರ್ಶಿನಿಯ ಕಾಫಿಗೂ ಯುಪಿಐ ಸ್ಕ್ಯಾನ್ ಮಾಡುವ ನನಗೆ ಇದು ದೊಡ್ಡ ತೊಡಕಾಗಿ, ಎರಡನೆಯ ಫೋನನ್ನೂ ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಗ್ರಾಫೀನ್‌ನಲ್ಲಿ ಗೂಗಲ್ ಪ್ಲೇ ಉಳಿದ ಆ್ಯಪ್‌ಗಳಂತೆಯೇ ವಿಶೇಷ ಅಧಿಕಾರವಿಲ್ಲದೆ ನಡೆಯುತ್ತದೆ; ಅದೇ ಬ್ಯಾಂಕ್ ಆ್ಯಪ್ ಅಲ್ಲಿ ತೆರೆಯಿತು. ಎಲ್ಲ ಬ್ಯಾಂಕುಗಳ ಆ್ಯಪ್‌ಗಳಿಗೂ ಇದು ಅನ್ವಯಿಸದು, ಏಕೆಂದರೆ ಗೂಗಲ್ ಪ್ರಮಾಣೀಕರಿಸಿದ ಓಎಸ್ ಮಾತ್ರ ಬೇಕೆನ್ನುವ ಆ್ಯಪ್‌ಗಳೂ ಇವೆ. ಪ್ರತಿ ಆ್ಯಪ್‌ಗೂ ಇಂಟರ್‌ನೆಟ್ ಅನುಮತಿಯನ್ನು ಬೇರೆಯಾಗಿಯೇ ನಿರಾಕರಿಸುವ ಸೌಲಭ್ಯ ನನಗೆ ಬಹಳ ಹಿಡಿಸಿತು. ಟಾರ್ಚ್ ಆ್ಯಪ್‌ಗೆ ಇಂಟರ್‌ನೆಟ್ ಏಕೆ ಬೇಕು?

ಕನ್ನಡ ಕೀಲಿಮಣೆ ಎರಡರಲ್ಲೂ ಇದೆ, ಪದಸೂಚನೆ ಮಾತ್ರ ಎರಡರಲ್ಲೂ ಬರಲಿಲ್ಲ.

ಪಿಕ್ಸೆಲ್ ಇದ್ದವರಿಗೆ ನಾನು ಗ್ರಾಫೀನ್ ಅನ್ನೇ ಹೇಳುತ್ತೇನೆ. ಆದರೆ ಅದು ಪಿಕ್ಸೆಲ್ ಬಿಟ್ಟು ಬೇರೆ ಫೋನುಗಳಿಗೆ ಇಲ್ಲ. ಕಂಪನಿಯಿಂದ ಅಪ್‌ಡೇಟ್ ನಿಂತುಹೋಗಿದ್ದ ಅಮ್ಮನ ಹಳೆಯ ಫೋನಿಗೆ ಲಿನಿಯೇಜ್ ಹಾಕಿಕೊಟ್ಟಿದ್ದೇನೆ. ಅವರು ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದಿಲ್ಲ, ಭದ್ರತಾ ಅಪ್‌ಡೇಟ್‌ಗಳು ಈಗ ಮತ್ತೆ ಬರುತ್ತಿವೆ.