ಜಾಗ್ವಾರ್ ಮಾರಿ ರೋವರ್ ತಂದೆ

ರಟ್ಟಿನ ಡಬ್ಬಗಳನ್ನು ಬಿಚ್ಚಿ ಕೂಡಿಡುವ ಚಟ ನನಗೆ ಅಂಟಿದ್ದು ಜಾಗ್ವಾರ್ ಮಾರ್ಕ್ 2 ಕಾರು ಮನೆಗೆ ಬಂದ ಮೇಲೆ. 1962ರ 3.8 ಲೀಟರ್ ಎಂಜಿನ್ನಿನದು, ಕೆಂಪು ಲೆದರ್ ಸೀಟು, ಕಡ್ಡಿ ಚಕ್ರ. ಮೂರು ವರ್ಷ ಇಟ್ಟುಕೊಂಡು ಮಾರಿದೆ. ಈಗ ಅದೇ ಜಾಗದಲ್ಲಿ 1970ರ ರೋವರ್ ಪಿ5ಬಿ ನಿಂತಿದೆ. ಯಾವುದು ತಗೊಳ್ಳಲಿ ಅಂತ ಯಾರು ಕೇಳಿದರೂ ರೋವರ್ ಅಂತಲೇ ಹೇಳುತ್ತೇನೆ.

ನಾನಿರುವುದು ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ. ಜಾಗ್ವಾರ್ ತಯಾರಾಗಿದ್ದು ಇಲ್ಲಿನ ಬ್ರೌನ್ಸ್ ಲೇನಿನಲ್ಲಿ, ರೋವರ್ ಪಕ್ಕದ ಸೊಲಿಹಲ್‌ನಲ್ಲಿ. ಎರಡೂ ಹೆಸರು ಈಗ ಟಾಟಾ ಕೈಯಲ್ಲಿವೆ, ಅದು ಬೇರೆ ಮಾತು.

ಓಟದಲ್ಲಿ ಜಾಗ್ವಾರೇ. 220 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಪೆಟ್ರೋಲಿಗೆ ಎರಡೂ ಕುಡುಕರೇ.

ಆದರೆ ಆ ಆಯಿಲ್! ಎಂಜಿನ್ನಿನೊಳಗೆ ತಿರುಗುವ ದಂಡ, ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಿಂದ ಸೋರುತ್ತಿತ್ತು. ಓಡುವಾಗ ಗೊತ್ತೇ ಆಗುತ್ತಿರಲಿಲ್ಲ, ನಿಲ್ಲಿಸಿದ ಮೇಲೆ ಶುರು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನಡಿ ಹಾಸಿದ ರಟ್ಟಿನ ಮೇಲೆ ಹೋಳಿಗೆಯಷ್ಟು ಅಗಲದ ಕಪ್ಪು ಕಲೆ. ಒಂದು ರಾತ್ರಿ ಗಾಳಿಗೆ ರಟ್ಟು ಹಾರಿಹೋಗಿ, ಪಕ್ಕದ ಮನೆಯವರೂ ನಾವೂ ಸೇರಿ ಹಾಕಿಸಿದ್ದ ಹೊಸ ಇಟ್ಟಿಗೆ ಹಾಸಿನ ಮೇಲೆ ಕಲೆ ಕೂತಿತು. ಬ್ರಶ್ ಹಿಡಿದು ಭಾನುವಾರವೆಲ್ಲ ಉಜ್ಜಿದರೂ ಹೋಗಲಿಲ್ಲ. ಪಕ್ಕದ ಮನೆಯಾಕೆ ಏನೂ ಅನ್ನಲಿಲ್ಲ, ಕಿಟಕಿಯಲ್ಲಿ ನಿಂತು ನೋಡಿದರು ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ತಪ್ಪು ಕಾರಿನದಲ್ಲ, ಹಿಂದೆ ಎಂಜಿನ್ ಬಿಚ್ಚಿ ಜೋಡಿಸಿದ ಯಾರೋ ಪುಣ್ಯಾತ್ಮನದು. ಆದರೆ ಆ ಜಾಗಕ್ಕೆ ಕೈ ಹಾಕಬೇಕೆಂದರೆ ಎಂಜಿನ್ ಪೂರ್ತಿ ಕೆಳಗಿಳಿಯಬೇಕು. ಸಾಮಾನಿನ ಬೆಲೆ ಪುಡಿಗಾಸು, ಕೂಲಿ ಕೇಳಿದರೆ ಎದೆ ಧಸಕ್. ಮೂಗಿಗಿಂತ ಮೂಗುತಿ ಭಾರ. ಮಾರುವಾಗ ತಗೊಂಡವನಿಗೆ ಆ ರಟ್ಟನ್ನೇ ತೋರಿಸಿ, ಬೆಲೆ ಇಳಿಸಿ ಕೊಟ್ಟೆ.

ಜೊತೆಗೆ ಹಳೇ ಮಾಸ್ ಗೇರ್‌ಬಾಕ್ಸ್. ಗೇರ್ ಸಲೀಸಾಗಿ ಕೂರುವಂತೆ ಮಾಡುವ ಸಿಂಕ್ರೋಮೆಶ್ ಒಂದನೇ ಗೇರಿಗೆ ಇಲ್ಲ. ಕಾರು ಪೂರ್ತಿ ನಿಲ್ಲುವ ಮೊದಲೇ ಹಾಕಿದಿರೋ, ಕರಕರ.

ರೋವರ್ ಆಟೋಮ್ಯಾಟಿಕ್. ಪಿ5 ಬಂದಿದ್ದು 1958ರಲ್ಲಿ, ಅದಕ್ಕೆ 3.5 ಲೀಟರ್ ವಿ8 ಕೂತಿದ್ದು 1967ರಲ್ಲಿ. ಎಂಜಿನ್ ಮೂಲತಃ ಅಮೆರಿಕದ ಬ್ಯೂಯಿಕ್‌ನದು, ಹೆಸರಿನ ಕೊನೆಯ 'ಬಿ' ಅದೇ. ಅಲ್ಯೂಮಿನಿಯಂ ಆದ್ದರಿಂದ ಹಗುರ, ಆದರೆ ರೇಡಿಯೇಟರ್ ನೀರಿಗೆ ಬೆರೆಸುವ ಆ್ಯಂಟಿಫ್ರೀಜ್ ಬದಲಿಸಲು ಸೋಮಾರಿತನ ಮಾಡಿದರೆ ಒಳಗೇ ಸವೆಯುತ್ತದೆ. ಪ್ರಧಾನಿಗಳ ಕಾರು ಇದು: 1979ರಲ್ಲಿ ಥ್ಯಾಚರ್ ಡೌನಿಂಗ್ ಸ್ಟ್ರೀಟಿಗೆ ಬಂದಿಳಿದದ್ದು ಇದರಲ್ಲೇ. ರಾಣಿ ಎಲಿಜಬೆತ್ ಓಡಿಸುತ್ತಿದ್ದ ಪಿ5ಬಿ ಈಗ ಗೇಡನ್‌ನ ಕಾರ್ ಮ್ಯೂಸಿಯಂನಲ್ಲಿದೆ.

ನನಗೆ ಹಿಡಿಸಿದ್ದು ಇದ್ಯಾವುದೂ ಅಲ್ಲ. ಡ್ಯಾಶ್‌ಬೋರ್ಡಿನ ಕೆಳಗೊಂದು ಟ್ರೇ. ಎಳೆದರೆ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದ ಗುಳಿ, ಮಸಾಲೆ ಡಬ್ಬಿಯ ಹಾಗೆ.

ತುಮಕೂರಿಂದ ಬಂದಿದ್ದ ಅಮ್ಮ ಜಾಗ್ವಾರಿನ ಹಿಂದೆ ಕೂರಲು ಸೀರೆ ಎತ್ತಿಹಿಡಿದು ಬಗ್ಗಿ ಒದ್ದಾಡುತ್ತಿದ್ದರು. ರೋವರ್‌ನಲ್ಲಿ ಸೋಫಾದಲ್ಲಿ ಕೂತ ಹಾಗೆ ಕೂತು, "ಅಂಬಾಸಡರಿನ ದೊಡ್ಡಪ್ಪ ಇದ್ದಂಗೈತಲ್ಲೋ" ಅಂದರು.

ಭಾನುವಾರ ಒಬ್ಬನೇ ಜೋರಾಗಿ ಓಡಿಸುವವನಿಗೆ, ಕೈಯಲ್ಲಿ ದುಡ್ಡಿದ್ದರೆ, ಜಾಗ್ವಾರ್ ಸರಿ. ನಾನು ಸಂಸಾರ ಕಟ್ಟಿಕೊಂಡು ತಿರುಗುವವನು. ಬೆಲೆ ಇಳಿಸಿ ಮಾರಿದರೂ ಜಾಗ್ವಾರಿನಿಂದ ಬಂದ ದುಡ್ಡಲ್ಲಿ ರೋವರ್ ಬಂತು, ಅಡುಗೆಮನೆ ರಿಪೇರಿಯೂ ಆಯಿತು. ಯಾವುದನ್ನು ನೋಡಲು ಹೋದರೂ ಜೇಬಿನಲ್ಲೊಂದು ಅಯಸ್ಕಾಂತ ಇರಲಿ, ಬಾಗಿಲ ಕೆಳಗಿನ ಸಿಲ್‌ಗೆ ಹಚ್ಚಿ ನೋಡಿ. ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ.

ಉಳಿದ ರಟ್ಟುಗಳನ್ನು ಇನ್ನೂ ಎಸೆದಿಲ್ಲ. ಮೊನ್ನೆ ರೋವರಿನ ಪವರ್ ಸ್ಟೀರಿಂಗ್ ಪೈಪಿನ ಕೆಳಗೆ ಒಂದು ಹನಿ ಕಂಡಿತು.