ಪ್ಯಾಟಿ ಪೇಜ್ ಹಾಡುಗಳ ಎರಡು ಸಿಡಿ ಸೆಟ್: ಮೊದಲನೇದು ಬಂಗಾರ, ಎರಡನೇದಕ್ಕೆ ಬೇಜಾರಾಯ್ತು
ಹಳೇ ಕಾಲದ ಅಮೆರಿಕನ್ ಗಾಯಕಿ ಪ್ಯಾಟಿ ಪೇಜ್ ಅವರ ಈ ಸೆಟ್ ತಗೊಂಡು ಮೂರು ವಾರ ಆಯ್ತು, ದಿನಾ ರಾತ್ರಿ ಊಟ ಆದ್ಮೇಲೆ ಹೆಡ್‌ಫೋನ್ ಹಾಕ್ಕೊಂಡು ಕೇಳ್ತಿದೀನಿ. ಮೊದಲನೇ ಸಿಡಿಗೆ ಐದಕ್ಕೆ ಐದು. ಎರಡನೇದಕ್ಕೆ ಒಂದು ಸ್ಟಾರ್ ಕೊಡೋಕೂ ಮನಸ್ಸು ಬರ್ತಿಲ್ಲ.

ಮೊದಲನೇ ಸಿಡಿ ಶುರುವಾಗೋದೇ 'ಕನ್ಫೆಸ್' ಇಂದ, 1947ರಲ್ಲಿ ಮರ್ಕ್ಯುರಿ ಅನ್ನೋ ರೆಕಾರ್ಡ್ ಕಂಪನಿಗೆ ಹಾಡಿದ್ದು, ಆಗ ಇವರಿಗೆ ಇಪ್ಪತ್ತರ ಆಸುಪಾಸು. ಹಾಡಿಗೆ ಇನ್ನೊಂದು ದನಿ ಬೇಕಿತ್ತು, ಹಾಡೋರು ಸಿಗ್ಲಿಲ್ಲ, ಸರಿ ಅಂತ ತಾವು ಹಾಡಿದ್ದನ್ನೇ ಕೇಳ್ತಾ ಅದರ ಮೇಲೆ ಇನ್ನೊಂದು ಸಲ ತಾವೇ ಹಾಡಿಬಿಟ್ರು! ಈಗ ಮೊಬೈಲಲ್ಲೇ ಆಗತ್ತೆ ಈ ಕೆಲಸ, ಆಗ ಅದು ದೊಡ್ಡ ಸಾಹಸ. ಆಮೇಲೆ ಇನ್ನೊಂದು ಹಾಡಲ್ಲಿ ನಾಲ್ಕೂ ದನಿ ಇವರದ್ದೇ, ರೆಕಾರ್ಡ್ ಮೇಲೆ ಪ್ಯಾಟಿ ಪೇಜ್ ಕ್ವಾರ್ಟೆಟ್, ಅಂದ್ರೆ ನಾಲ್ಕು ಜನರ ತಂಡ ಅಂತಾನೇ ಹಾಕಿದ್ರು.

ಅಂದಹಾಗೆ ಹುಟ್ಟುಹೆಸರು ಕ್ಲಾರಾ ಆನ್ ಫೌಲರ್, 1927, ಓಕ್ಲಹೋಮಾದ ಕ್ಲೇರ್‌ಮೋರ್, ಅಪ್ಪ ರೈಲ್ವೇಲಿ ಕೂಲಿ, ಮನೆ ತುಂಬ ಮಕ್ಕಳು. ಟಲ್ಸಾ ರೇಡಿಯೋದಲ್ಲಿ ಪೇಜ್ ಮಿಲ್ಕ್ ಕಂಪನಿ ನಡೆಸ್ತಿದ್ದ ಕಾರ್ಯಕ್ರಮದಲ್ಲಿ ಹಾಡ್ತಿದ್ರು, ಹಾಲಿನ ಕಂಪನಿ ಹೆಸರೇ ಕೊನೇವರೆಗೂ ಉಳ್ಕೊಳ್ತು.

ಈಗ 'ಟೆನೆಸ್ಸೀ ವಾಲ್ಟ್ಜ್'. 1950ರಲ್ಲಿ ಕ್ರಿಸ್‌ಮಸ್‌ಗೆ ಅಂತ ಬಿಟ್ಟ ರೆಕಾರ್ಡಿನ ಹಿಂಬದಿಗೆ ಹಾಕಿದ್ದ ಹಾಡು ಅದು, ಮುಂಬದಿಯ ಹಾಡನ್ನ ಜನ ಮರೆತೇಬಿಟ್ರು, ಇದು ಬಿಲ್‌ಬೋರ್ಡ್ ಅನ್ನೋ ಅಮೆರಿಕದ ಹಿಟ್ ಹಾಡುಗಳ ಪಟ್ಟೀಲಿ 13 ವಾರ ಮೊದಲನೇ ಸ್ಥಾನದಲ್ಲಿ ಕೂತಿತ್ತು. ನಮ್ಮ ತಿಶ್ರ ನಡೆ ತರ ಮೂರು ಮೂರು ಎಣಿಕೆ, ನಿಧಾನ. ಕುಣೀತಿರೋವಾಗ ಸಿಕ್ಕ ಗೆಳತಿಗೆ ಒಬ್ಬ ಹುಡುಗಿ ತನ್ನ ಹುಡುಗನ್ನ ಪರಿಚಯ ಮಾಡಿಸ್ತಾಳೆ, ಆ ಗೆಳತಿ ಅವನನ್ನೇ ಕಸ್ಕೊಂಡು ಹೋಗ್ತಾಳೆ, ಅಷ್ಟೇ ಕಥೆ. ಆದ್ರೆ ದುಃಖ ಹೇಳೋಳೂ ಆ ಹುಡುಗೀನೇ, ಪಕ್ಕದಲ್ಲಿ ನಿಂತು ಸಮಾಧಾನ ಮಾಡೋಳೂ ಅವಳೇ ಅನ್ನೋ ಹಾಗೆ ಆ ಎರಡನೇ ದನಿ ಮೆಲ್ಲಗೆ ಜೊತೆಗೂಡತ್ತೆ, ಎಲ್ಲೂ ಅಳು ಇಲ್ಲ, ಎಳೆದಾಟ ಇಲ್ಲ. ಹೆಡ್‌ಫೋನಲ್ಲಿ ಕೇಳಿ, ಮೈ ಜುಮ್ ಅನ್ನತ್ತೆ.

1953ರ ನಾಯಿಮರಿ ಹಾಡೂ ಇದೆ, ಮಕ್ಕಳಿಗೆ ಖುಷಿ ಆಗತ್ತೆ, ನನಗೆ ಒಂದು ಸಲ ಸಾಕು. 1957ರ 'ಓಲ್ಡ್ ಕೇಪ್ ಕಾಡ್' ಮಾತ್ರ ಬಿಡಬೇಡಿ.

ಎರಡನೇ ಸಿಡೀಲಿ ಅದೇ ಹಾಡುಗಳ ಹೆಸರು ನೋಡಿ ಆಸೆಯಿಂದ ಹಾಕಿದ್ರೆ, ಎಲ್ಲಾ ಎಷ್ಟೋ ವರ್ಷ ಆದ್ಮೇಲೆ ಮತ್ತೆ ಹಾಡಿದ್ದು. ದನಿ ಚೆನ್ನಾಗೇ ಇದೆ, ತಪ್ಪು ಅವರದ್ದಲ್ಲ. ಆದ್ರೆ ಇವರ ಎರಡನೇ ದನಿ ಇರಬೇಕಾದ ಜಾಗದಲ್ಲಿ ಒಂದು ದೊಡ್ಡ ಕೋರಸ್ ಬಂದು ಕೂತಿದೆ, ಯಾವುದಕ್ಕೋಸ್ಕರ ದುಡ್ಡು ಕೊಟ್ಟೆನೋ ಅದೇ ಇಲ್ಲ. ಮುಂದಿನ ಕವರಲ್ಲಿ ಒರಿಜಿನಲ್ ಹಿಟ್ಸ್ ಅಂತ ದಪ್ಪಕ್ಷರ, ಮತ್ತೆ ಹಾಡಿದ್ದು ಅನ್ನೋದು ಹಿಂದೆ ಮೂಲೇಲಿ, ಟಾರ್ಚ್ ಹಾಕಿ ಓದ್ಬೇಕು. ಇದು ಮೂಗಿಗೆ ತುಪ್ಪ ಸವರೋ ಕೆಲಸ. ಬುಕ್‌ಲೆಟ್ಟಲ್ಲಿ ಯಾವ ಹಾಡು ಯಾವ ವರ್ಷದ್ದು ಅಂತಾನೂ ಇಲ್ಲ.

ತಗೊಳ್ಳೋರು ಹಿಂದಿನ ಕವರ್ ಫೋಟೋ ದೊಡ್ಡದು ಮಾಡಿ ನೋಡಿ, ಮರ್ಕ್ಯುರಿ, ಮೋನೋ (ಸ್ಟೀರಿಯೋಗೂ ಮುಂಚಿನ ಒಂದೇ ಚಾನೆಲ್ ರೆಕಾರ್ಡಿಂಗ್) ಅಂತ ಇದ್ರೆ ಕಣ್ಮುಚ್ಕೊಂಡು ತಗೊಳ್ಳಿ. ಒಂದೇ ಸಿಡಿಯ ಸೆಟ್ ಸಿಕ್ಕರೂ ಸಾಕು.