ಫಾರ್ಚುನರ್‌ಗೆ ವೆಲ್ಡಿಂಗ್ ಶಾಪಿನ ಸ್ಟೆಪ್ನಿ ಕ್ಯಾರಿಯರ್: ಮೂರು ಮಳೆಗಾಲದ ನಂತರ

ಫಾರ್ಚುನರ್‌ನ ಸ್ಟೆಪ್ನಿ ಇರುವುದು ಗಾಡಿಯ ಹೊಟ್ಟೆಯಡಿ. 265/65 ಆರ್17 ಟೈರ್ ಇರುವವರೆಗೆ ಅಲ್ಲೇ ಇರಲಿ, ಕ್ಯಾರಿಯರ್ ದಂಡ. 285/70 ಹಾಕಿಸಿದರೆ ವ್ಯಾಸ 776 ಎಂಎಂನಿಂದ 831ಕ್ಕೆ ಏರಿ ಅಲ್ಲಿ ಇಕ್ಕಟ್ಟಾಗುತ್ತದೆ. ಗಾಡಿ ಕೆಸರಲ್ಲಿ ಹೂತಾಗ ಪಂಕ್ಚರ್ ಆದರಂತೂ ಅಡಿಗೆ ತೂರಿ ಸ್ಟೆಪ್ನಿ ಇಳಿಸುವ ಮಾತೇ ಇಲ್ಲ. ಸ್ಟೆಪ್ನಿಯನ್ನು ಗಾಡಿಯ ಹಿಂದೆ, ಬಾಗಿಲಿನಂತೆ ತಿರುಗಿ ತೆರೆಯುವ ತೋಳಿನ ಮೇಲೆ ಹೊರುವ ಈ ಕ್ಯಾರಿಯರ್‌ಗೆ ತಗುಲಿದ್ದು ಸುಮಾರು 18 ಸಾವಿರ. ಓಡಿದ್ದು 38,000 ಕಿ.ಮೀ.

ದುಡ್ಡು ಹಾಕಬೇಕಾದ್ದು ತೋಳಿಗಲ್ಲ, ಅದು ತಿರುಗುವ ಗೂಟಕ್ಕೆ. 50x50x3 ಎಂಎಂ ಚೌಕ ಪೈಪಿನ ತೋಳು ಸುಮಾರು 35 ಕೆಜಿ ಚಕ್ರವನ್ನು ಆರಾಮಾಗಿ ಹೊರುತ್ತದೆ. ಕೀಳುವುದು ಬುಡ. ಬಂಪರ್ ತಗಡಿಗೆ ನೇರವಾಗಿ ಬೆಸೆದರೆ ಹಂಪ್ ಹಾರಿದಾಗಲೆಲ್ಲ ತಗಡು ಒಳಗೆ ಹೊರಗೆ ಬಾಗಿ, ಬೆಸುಗೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ. ಇಲ್ಲಿ ಪ್ಲಾಸ್ಟಿಕ್ ಬಂಪರಿನ ಹಿಂದೆ 80x80x5ರ ಅಡ್ಡ ಪೈಪ್ ಇದೆ. ಅದರ ಎರಡು ತುದಿಗೂ 8 ಎಂಎಂ ಪ್ಲೇಟ್, ಪ್ಲೇಟನ್ನು ಚಾಸಿಸ್‌ಗೆ 10.9 ಗ್ರೇಡಿನ ಎಂ12 ಬೋಲ್ಟ್‌ಗಳಿಂದ ಬಿಗಿದಿದೆ.

ಗೂಟ ಇಎನ್8 ಎಂಬ ಉಕ್ಕಿನ ರಾಡಿನಿಂದ ಲೇತಿನಲ್ಲಿ ಮಾಡಿಸಿದ್ದು: ಕೆಳಗೆ 30 ಎಂಎಂ, ಮೇಲೆ 25. ಟೇಪರ್ ಬೇರಿಂಗ್ ಕೆಳಗೆ 30206 ನಂಬರಿನದು, ಮೇಲೆ 30205. ಬೇರಿಂಗ್ ಕೂರುವ ಹೌಸಿಂಗ್ 76 ಎಂಎಂ ಹೊರವ್ಯಾಸದ ದಪ್ಪ ಸೀಮ್‌ಲೆಸ್ ಪೈಪ್. ಇದಕ್ಕೆ ತೋಳನ್ನು ಮೊದಲು ವೆಲ್ಡ್ ಮಾಡಿಸಿ, ಆಮೇಲೆ ಒಳರಂಧ್ರವನ್ನು ಅಳತೆಗೆ ಕೊರೆಸಬೇಕು (ಬೋರ್). ಲೇತಿನವರು ತೋಳಿರುವ ಮಾಲು ಹಿಡಿಯುವುದು ಕಷ್ಟ ಅಂತ ಗೊಣಗುತ್ತಾರೆ, ಗೊಣಗಲಿ. ಬೋರ್ ಆದ ಮೇಲೆ ಬೆಸೆದರೆ ಬಿಸಿಗೆ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿ, ಬೇರಿಂಗ್ ಕಪ್ ಒಂದು ಕಡೆ ಮಾತ್ರ ಕಚ್ಚುತ್ತದೆ. ಮೇಲಿನ ಟೊಪ್ಪಿ, ಕೆಳಗಿನ ಸೀಲ್ ಎರಡೂ ಬೇಕೇ ಬೇಕು. ಮಳೆಗಾಲದ ಮುಂಚೆ ನಿಪ್ಪಲ್‌ನಿಂದ ಒಮ್ಮೆ ಗ್ರೀಸ್ ಹೊಡೆದರೆ ಸಾಕು.

ಚಕ್ರಕ್ಕೆ 8 ಎಂಎಂ ಪ್ಲೇಟ್, 139.7 ಎಂಎಂ ವೃತ್ತದಲ್ಲಿ ಎಂ12x1.5 ಸ್ಟಡ್. ಆರು ತೂತಿಗೆ ಮೂರೇ ಸ್ಟಡ್ ಧಾರಾಳ.

ಮೊದಲ ವರ್ಷ ತಲೆ ತಿಂದದ್ದು ಕಡಕಡ ಸದ್ದು. ಮುಚ್ಚಿದ ತೋಳನ್ನು ಹಿಡಿದಿಡುವ ಟಾಗಲ್ ಕ್ಲಾಂಪ್ ಎಷ್ಟು ಬಿಗಿದರೂ ಸಾವಿರ ಕಿ.ಮೀ.ಗೆ ಮತ್ತೆ ಸಡಿಲ. ತೋಳಿನ ತುದಿ ಗಾಳಿಯಲ್ಲಿ ನಿಂತು, ಭಾರವೆಲ್ಲ ಕ್ಲಾಂಪಿನ ಮೇಲೆ ಬೀಳುತ್ತಿದ್ದುದೇ ಕಾರಣ. ಮುಚ್ಚುವಾಗ ತುದಿ 3 ಎಂಎಂ ಮೇಲೇರಿ ಕೂರುವಂತೆ ಇಳಿಜಾರು ಪ್ಲೇಟ್, ಅದರ ಮೇಲೆ ನೈಲಾನ್ ತುಂಡು ಹಾಕಿದ ಮೇಲೆ ಸದ್ದು ನಿಂತಿತು. ತೆರೆದಾಗ ತೋಳನ್ನು ನಿಲ್ಲಿಸಲು 10 ಎಂಎಂ ಪಿನ್ ಬೇಕು. ಇಲ್ಲದಿದ್ದರೆ ಇಳಿಜಾರಲ್ಲಿ ಅದು ತಾನಾಗಿ ಬಂದು ಬೆನ್ನಿಗೆ ಗುದ್ದುತ್ತದೆ.

ಪೈಪಿನ ತುದಿ ಮುಚ್ಚಿಸಿದ್ದರೂ ಕೆಳಗೆ 6 ಎಂಎಂ ತೂತು ಬಿಡಿಸದೆ ನೀರು ನಿಂತು ತುಕ್ಕು ಬಂತು. ಗೂಟ ಎಡಕ್ಕಿರಲಿ, ತೋಳು ರಸ್ತೆಯ ಕಡೆ ಚಾಚುವುದಿಲ್ಲ. ಗಾಡಿಯ ಮೇಲೆಯೇ ಬೆಸೆಯುವುದಾದರೆ ಬ್ಯಾಟರಿಯ ನೆಗೆಟಿವ್ ತೆಗೆದಿಡಿ.

ಮರೆವಿನವರಿಗೆ ಒಂದು ಕಿರಿಕಿರಿ: ಡಿಕ್ಕಿ ಬಾಗಿಲು ಬಟನ್‌ನಿಂದ ಏಳುವ ಮಾಡೆಲ್ ಆದರೆ, ತೋಳು ಸರಿಸದೆ ಒತ್ತಿದಾಗ ಬಾಗಿಲು ಟೈರಿಗೆ ತಾಗುತ್ತದೆ. ರಿವರ್ಸ್ ಕ್ಯಾಮೆರಾಗೂ ಟೈರ್ ಅಡ್ಡ. ಅದನ್ನು ಚಕ್ರದ ನಡುವಿನ ತೂತಿಗೆ ಸ್ಥಳಾಂತರಿಸಿ, ವೈರ್ ಗೂಟದ ಬಳಿ ಒಂದು ಸುತ್ತು ಸಡಿಲ ಬಿಡಬೇಕು. ನಂಬರ್ ಪ್ಲೇಟ್ ಮರೆಯಾದರೆ ತೋಳಿನ ಮೇಲೆ ಲೈಟ್ ಸಮೇತ ಕೂರಿಸಿ. ಪೊಲೀಸರು ಮೊದಲು ನೋಡುವುದು ಅದನ್ನೇ.